ಶಕುನದ ಹಲ್ಲಿಗಳ ಸಹಿ ಸಂಗ್ರಹ

ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಈ ಗಾದೆ ಕಟ್ಟಿದವರು ಮಯಾಮಿಯ ನ್ಯಾಷನಲ್ ಹರಿಕೇನ್ ಸೆಂಟರ್ ನೋಡಿರಲಿಕ್ಕಿಲ್ಲ. ನೋಡಿದ್ದರೆ ಹಲ್ಲಿಯನ್ನು ಬಹುವಚನದಲ್ಲಿ ಹೇಳುತ್ತಿದ್ದರು.

ಅಟ್ಲಾಂಟಿಕ್ ಸಾಗರದಲ್ಲಿ ಎಲ್ಲೇ ಚಂಡಮಾರುತ ಹುಟ್ಟಿದರೂ ಅಮೆರಿಕದವರು ನೋಡುವುದು ಈ ಕಚೇರಿಯ ಮುಖವನ್ನು. ಆಫ್ರಿಕಾದ ದಡ ಬಿಟ್ಟು ಹೊರಟ ಮೋಡದ ಗುಂಪೊಂದು ಬಲಿತು ಬಿರುಗಾಳಿಯಾದರೆ, ಇನ್ನು ಐದು ದಿನಕ್ಕೆ ಅದು ಎಲ್ಲಿರುತ್ತದೆ ಅಂತ ಇವರು ನಕ್ಷೆ ಬರೆದು ಕೊಡುತ್ತಾರೆ. ಅದೂ ಎಷ್ಟು ವಿನಯದಿಂದ! ನಕ್ಷೆಯ ಮೇಲೆ ಬಿಳಿ ಬಣ್ಣದ ಒಂದು ಶಂಕು ಇರುತ್ತದೆ. ದಿನ ಮುಂದೆ ಹೋದ ಹಾಗೆ ಅದು ಅಗಲವಾಗುತ್ತಾ ಹೋಗುತ್ತದೆ. ಬಿರುಗಾಳಿಯ ನಡುಭಾಗ ಸುಮಾರಾಗಿ ಮೂರರಲ್ಲಿ ಎರಡು ಸಲ ಇದರೊಳಗೇ ಹಾದುಹೋಗುತ್ತದೆ, ಮೂರನೇ ಸಲ ಆಚೆ ಹಾರಿದರೆ ಬೈಯಬೇಡಿ ಅಂತ ಅದರ ಅರ್ಥ. ‘ನಮಗೆ ಇಷ್ಟು ಗೊತ್ತಿಲ್ಲ’ ಎನ್ನುವುದನ್ನು ಅಳೆದು, ಬಣ್ಣ ಹಚ್ಚಿ, ಆರು ಗಂಟೆಗೊಮ್ಮೆ ಪ್ರಕಟಿಸುವ ಸರ್ಕಾರಿ ಕಚೇರಿ ಇನ್ನೊಂದಿದ್ದರೆ ಹೇಳಿ.

ಈ ಕಚೇರಿಗೆ 2007ರ ಜನವರಿಯಲ್ಲಿ ಹೊಸ ನಿರ್ದೇಶಕರು ಬಂದರು. ಹೆಸರು ಬಿಲ್ ಪ್ರೊಯೆಂಜಾ. ಹಿಂದಿದ್ದ ಮ್ಯಾಕ್ಸ್ ಮೇಫೀಲ್ಡ್ ಅವರನ್ನು ಕತ್ರಿನಾ ಚಂಡಮಾರುತದ ಕಾಲದಲ್ಲಿ ಟಿವಿಯಲ್ಲಿ ನೋಡಿ ನೋಡಿ ಜನ ಮನೆಯ ಹಿರಿಯರ ಹಾಗೆ ನಂಬಿಕೊಂಡಿದ್ದರು. ಅಂಥವರು ಬಿಟ್ಟುಹೋದ ಕುರ್ಚಿ. ಪ್ರೊಯೆಂಜಾ ಅದರಲ್ಲಿ ಕೂತಿದ್ದು ಸುಮಾರು ಆರು ತಿಂಗಳು. ಅಟ್ಲಾಂಟಿಕ್‌ನ ಚಂಡಮಾರುತದ ಋತುವೂ ಜೂನ್ 1ರಿಂದ ನವೆಂಬರ್ 30ರವರೆಗೆ, ಅಂದರೆ ಸರಿಯಾಗಿ ಆರು ತಿಂಗಳು. ಇವರ ಋತು ಸ್ವಲ್ಪ ಬೇಗ ಶುರುವಾಗಿ ಬೇಗ ಮುಗಿಯಿತು, ಅಷ್ಟೇ.

ಜಗಳದ ಬೀಜ ಮಾತ್ರ ನೆಲದ ಮೇಲಿರಲಿಲ್ಲ, ಸುಮಾರು 800 ಕಿಲೋಮೀಟರ್ ಎತ್ತರದಲ್ಲಿತ್ತು. ಕ್ವಿಕ್‌ಸ್ಕ್ಯಾಟ್ ಅಂತ ನಾಸಾದ ಒಂದು ಉಪಗ್ರಹ. ಅದು ಸಮುದ್ರದ ಮೇಲೆ ರೇಡಾರ್ ಅಲೆ ಬೀಳಿಸಿ, ನೀರು ಎಷ್ಟು ಒರಟಾಗಿದೆ ನೋಡಿ, ಅಲ್ಲಿ ಗಾಳಿ ಯಾವ ಕಡೆಗೆ ಎಷ್ಟು ಜೋರಾಗಿ ಬೀಸುತ್ತಿದೆ ಅಂತ ಹೇಳುತ್ತಿತ್ತು. ಹಾರಿಸಿದ್ದು 1999ರಲ್ಲಿ. ಎರಡು ಮೂರು ವರ್ಷ ಬಾಳಲಿ ಸಾಕು ಅಂತ ಕಟ್ಟಿದ್ದು. 2007 ಬಂದರೂ ಮುದುಕಪ್ಪ ಸುತ್ತುತ್ತಲೇ ಇದ್ದ. ಬದಲಿಗೆ ಇನ್ನೊಂದನ್ನು ತಯಾರು ಮಾಡಿರಲಿಲ್ಲ.

ಪ್ರೊಯೆಂಜಾ ಇದನ್ನು ಸುಮ್ನೆ ನೋಡಿಕೊಂಡು ಕೂರಲಿಲ್ಲ. ಸಿಕ್ಕ ಮೈಕಿನ ಮುಂದೆಲ್ಲ ಹೇಳಿದರು. ಈ ಉಪಗ್ರಹ ಯಾವಾಗ ಬೇಕಾದರೂ ಕೈಕೊಡಬಹುದು, ಕೊಟ್ಟರೆ ಎರಡು ದಿನದ ಮುನ್ಸೂಚನೆ 10 ಪ್ರತಿಶತ, ಮೂರು ದಿನದ್ದು 16 ಪ್ರತಿಶತ ಕೆಡುತ್ತದೆ ಅಂತ. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದರು. ಚಂಡಮಾರುತದ ಸಂಶೋಧನೆಗೆ ದುಡ್ಡಿಲ್ಲ ಅನ್ನುವ ಮೇಲಿನವರು ಹುಟ್ಟುಹಬ್ಬಕ್ಕೆ ಮಾತ್ರ ಲಕ್ಷಗಟ್ಟಲೆ ಡಾಲರ್ ಸುರಿಯುತ್ತಿದ್ದಾರೆ ಅಂತ.

ಈ ಹುಟ್ಟುಹಬ್ಬದ ವಿಷಯ ಹೇಳಲೇಬೇಕು. ಮೇಲಿನವರು ಅಂದರೆ ನೋವಾ, ಅಮೆರಿಕದ ಸಾಗರ ಮತ್ತು ವಾತಾವರಣದ ಸಂಸ್ಥೆ. (ಕನ್ನಡದ ಕಿವಿಗೆ ಆ ಹೆಸರು ಯಾರೋ ಬೆನ್ನು ಸವರುತ್ತಾ ‘ನೋವಾ?’ ಅಂತ ಕೇಳಿದ ಹಾಗಿರುತ್ತದೆ. ನಾನೇನು ಮಾಡಲಿ.) ಇದು ಹುಟ್ಟಿದ್ದು 1970ರಲ್ಲಿ. 2007ಕ್ಕೆ ಎಷ್ಟು ವರ್ಷ? ನಾವು ಲೆಕ್ಕ ಹಾಕಿದರೆ 37. ಅವರು ಲೆಕ್ಕ ಹಾಕಿದರೆ 200. ಯಾಕೆಂದರೆ ನೋವಾದೊಳಗೆ ಸೇರಿಕೊಂಡ ಕರಾವಳಿ ಸರ್ವೆಯ ಇಲಾಖೆಗೆ 1807ರಲ್ಲಿ ಅಧ್ಯಕ್ಷ ಜೆಫರ್ಸನ್ ಸಹಿ ಹಾಕಿದ್ದರಂತೆ. ಅಜ್ಜನ ವಯಸ್ಸನ್ನೂ ತನ್ನ ವಯಸ್ಸಿಗೆ ಸೇರಿಸಿಕೊಂಡು ಕೇಕ್ ಕತ್ತರಿಸುವ ಮೊಮ್ಮಗ! ನಾಳೆಯ ಹವೆಯನ್ನು ಹೇಳುವುದಕ್ಕೆ ಕಷ್ಟಪಡುವ ಸಂಸ್ಥೆಗೆ ನಿನ್ನೆಯದನ್ನು ಹಿಗ್ಗಿಸುವುದು ಎಷ್ಟು ಸಲೀಸು ನೋಡಿ.

ಹುಟ್ಟುಹಬ್ಬದ ಮನೆಯಲ್ಲಿ ಹೀಗೆಲ್ಲ ಮಾತಾಡಿದರೆ ಏನಾಗುತ್ತದೆ? ಜೂನ್‌ನಲ್ಲಿ ಮೇಲಿನಿಂದ ಎಚ್ಚರಿಕೆಯ ಪತ್ರ ಬಂತು. ಇಷ್ಟೇ ಆಗಿದ್ದರೆ ಹಳೇ ಕಥೆ. ಸತ್ಯ ಹೇಳಿದ ಅಧಿಕಾರಿ, ಸಿಟ್ಟಾದ ಮೇಲಧಿಕಾರಿ. ನಾವೂ ಪ್ರೊಯೆಂಜಾ ಪರವಾಗಿ ಒಂದು ಜೈಕಾರ ಹಾಕಿ ಮನೆಗೆ ಹೋಗಬಹುದಿತ್ತು.

ಆದರೆ ಗಾಳಿ ದಿಕ್ಕು ಬದಲಿಸಿತು. ಅವರದೇ ಕಚೇರಿಯ ಮುನ್ಸೂಚನೆಕಾರರು ಎದ್ದು ನಿಂತರು. ಸಾಹೇಬರು ಹೇಳುವ 10, 16 ಅಂಕಿಗಳು ಉತ್ಪ್ರೇಕ್ಷೆ ಅಂದರು. ದಡದ ಹತ್ತಿರ ಬಂದ ಚಂಡಮಾರುತದೊಳಗೆ ವಿಮಾನವೇ ನುಗ್ಗಿ ಅಳೆದು ಬರುತ್ತದೆ, ಆ ಉಪಗ್ರಹ ಮುಖ್ಯವಾಗಿ ಬೇಕಾಗುವುದು ವಿಮಾನ ಹೋಗದ ದೂರದ ಸಮುದ್ರಕ್ಕೆ ಅಂದರು. ಹೀಗೆ ಹೆದರಿಸಿದರೆ ಜನ ನಮ್ಮ ಮುನ್ಸೂಚನೆಯನ್ನೇ ನಂಬುವುದಿಲ್ಲ ಅಂದರು. ಇದೂ ಸರಿಯೇ ಅಲ್ವಾ? ಬಿಳಿ ಶಂಕುವಿನಲ್ಲಿ ಅನುಮಾನ ಎಷ್ಟು ಅಂತ ಅಳೆದು ತೋರಿಸುವ ಮನೆಯಲ್ಲಿ ಯಜಮಾನರೊಬ್ಬರೇ ಶಂಕು ಇಲ್ಲದೆ ಗೆರೆ ಎಳೆದಿದ್ದರು.

ಮುಂದಿನದು ಚಂಡಮಾರುತ ಬಲಿಯುವ ಹಾಗೇ ಬಲಿಯಿತು. ಜುಲೈ ಮೊದಲ ವಾರ ನೋವಾದಿಂದ ತನಿಖಾ ತಂಡ ಬಂದಿಳಿಯಿತು. ಜುಲೈ 5, ಗುರುವಾರ, ಸುಮಾರು 50 ಜನರ ಕಚೇರಿಯಲ್ಲಿ 23 ಜನ ಒಂದು ಪತ್ರಕ್ಕೆ ಸಹಿ ಹಾಕಿದರು. ನಮಗೆ ಹೊಸ ನಿರ್ದೇಶಕರು ಬೇಕು, ಋತು ಏರುತ್ತಿದೆ, ಬೇಗ ಮಾಡಿ ಅಂತ ಅದರ ಸಾರ. ಆಗಿನ ನಿಯಮದಲ್ಲಿ ಚಂಡಮಾರುತ ಬರಬಹುದು ಅನ್ನುವ ಮೊದಲ ಸೂಚನೆ 36 ಗಂಟೆ ಮುಂಚೆ, ಬಂದೇ ಬರುತ್ತದೆ ಅನ್ನುವ ಎಚ್ಚರಿಕೆ 24 ಗಂಟೆ ಮುಂಚೆ. ಪ್ರೊಯೆಂಜಾಗೆ ಸಿಕ್ಕಿದ್ದು ನಾಲ್ಕು ದಿನ. ಆ ಮಟ್ಟಿಗೆ ಮುನ್ಸೂಚನೆ ತುಂಬ ಸುಧಾರಿಸಿತ್ತು. ಜುಲೈ 9, ಸೋಮವಾರ, ನೋವಾದ ಮುಖ್ಯಸ್ಥರು ಅವರನ್ನು ರಜೆಯ ಮೇಲೆ ಕಳಿಸಿದರು. ಆ ಮುಖ್ಯಸ್ಥರು ಯಾರು ಅಂದುಕೊಂಡಿರಿ? ನೌಕಾಪಡೆಯ ನಿವೃತ್ತ ವೈಸ್ ಅಡ್ಮಿರಲ್. ಹಡಗಿನಲ್ಲಿ ನಾವಿಕರು ಸಹಿ ಸಂಗ್ರಹಿಸಿ ಕ್ಯಾಪ್ಟನ್ ಬೇಡ ಅಂದರೆ ಅದಕ್ಕೆ ದಂಗೆ ಅನ್ನುತ್ತಾರೆ. ದಡದ ಮೇಲಿನ ಕಚೇರಿಯಲ್ಲಿ ಅದಕ್ಕೆ ಸಿಬ್ಬಂದಿಯ ಅಭಿಪ್ರಾಯ ಅಂತ ಹೆಸರು.

ನನಗೆ ಇದರಲ್ಲಿ ತುಂಬ ಇಷ್ಟವಾದದ್ದು ಒಂದೇ. ಬಾಗಿಲ ಹಿಂದಿನ ಪಿಸುಮಾತು, ಕಾರಿಡಾರ್‌ನಲ್ಲಿ ಇಳಿದ ಒತ್ತಡ, ನಿಧಾನವಾಗಿ ಸುತ್ತಲು ಶುರುವಾದ ಗಾಳಿ, ಇದನ್ನೆಲ್ಲ ಓದುವುದೇ ಕಸುಬಾದವರ ಕಟ್ಟಡದಲ್ಲಿ ಯಾರಿಗೂ ಜನವರಿಯಲ್ಲಿ ಏನೂ ಕಾಣಲಿಲ್ಲ.

ಜುಲೈ ಮುಗಿಯುವ ಮೊದಲೇ ಸಂಸತ್ತಿನ ಸಮಿತಿ ಎಲ್ಲರನ್ನೂ ಕರೆಸಿ ಕೂರಿಸಿ ಕೇಳಿತು. ಎಲ್ಲರೂ ಹೇಳಿದರು. ಉಪಗ್ರಹಕ್ಕೆ ಬದಲಿ ಮಾತ್ರ ಅವತ್ತೂ ಬರಲಿಲ್ಲ.

ಆ ವರ್ಷದ ಸಮುದ್ರ ಇವರ ಜಗಳ ಮುಗಿಯಲಿ ಅಂತ ಕಾಯಲಿಲ್ಲ. ಆಗಸ್ಟ್‌ನಲ್ಲಿ ಡೀನ್ ಮೆಕ್ಸಿಕೋಗೆ ಅಪ್ಪಳಿಸಿತು. ಸೆಪ್ಟೆಂಬರ್‌ನಲ್ಲಿ ಫೆಲಿಕ್ಸ್ ನಿಕರಾಗುವಾಗೆ. ಎರಡೂ ಐದನೇ ದರ್ಜೆಯವು, ಅಂದರೆ ಎಲ್ಲಕ್ಕಿಂತ ಜೋರಿನವು. ಒಂದೇ ಋತುವಿನಲ್ಲಿ ಐದನೇ ದರ್ಜೆಯಲ್ಲೇ ಎರಡು ಅಟ್ಲಾಂಟಿಕ್ ಚಂಡಮಾರುತಗಳು ನೆಲ ಮುಟ್ಟಿದ್ದು ದಾಖಲೆಯಲ್ಲಿ ಅದೇ ಮೊದಲು. ಸೆಪ್ಟೆಂಬರ್‌ನಲ್ಲೇ ಹಂಬರ್ಟೊ ಅನ್ನುವುದು ಟೆಕ್ಸಸ್ ದಡದ ಹತ್ತಿರ ಒಂದೇ ದಿನದೊಳಗೆ ಸಣ್ಣ ವಾಯುಭಾರ ಕುಸಿತದಿಂದ ಚಂಡಮಾರುತವಾಯಿತು. ಸಹಿ ಹಾಕಿದವರೂ ಹಾಕದವರೂ ಅದೇ ಮೇಜುಗಳ ಮುಂದೆ ಕೂತು ನಕ್ಷೆ ಬರೆದರು. ಕಸುಬಿನಲ್ಲಿ ಅವರು ಗಟ್ಟಿಗರು. ಅದಕ್ಕೇ ಈ ಕಥೆ ನೆನಪಾದಾಗೆಲ್ಲ ನಗು ಬರುತ್ತದೆ. ಕಸುಬು ಬಾರದವರ ಜಗಳ ಯಾರಿಗೆ ಬೇಕು?

ಪ್ರೊಯೆಂಜಾ ಮನೆಗೇನೂ ಹೋಗಲಿಲ್ಲ. ಮೊದಲು ನೋಡಿಕೊಳ್ಳುತ್ತಿದ್ದ ಹವಾಮಾನ ಇಲಾಖೆಯ ದಕ್ಷಿಣ ವಲಯದ ಟೆಕ್ಸಸ್ ಕಚೇರಿಗೇ ವಾಪಸ್ ಹೋಗಿ ಕೂತರು. ಸರ್ಕಾರಿ ಚಂಡಮಾರುತ ಸಾಮಾನ್ಯವಾಗಿ ಹೀಗೇ, ಹೊರಟ ಜಾಗಕ್ಕೇ ಬಂದು ಇಳಿಯುತ್ತದೆ.

ಜಾಸ್ತಿ ಖಡಾಖಂಡಿತವಾಗಿ ಮಾತಾಡಿದ ಅನ್ನುವ ಆರೋಪ ಈ ಮನೆಯಲ್ಲಿ ಆಮೇಲೆ ಇನ್ನೊಬ್ಬರ ಮೇಲೂ ಬಂತು. 2019ರ ಸೆಪ್ಟೆಂಬರ್ 1ರಂದು ಅಧ್ಯಕ್ಷ ಟ್ರಂಪ್ ಡೋರಿಯನ್ ಚಂಡಮಾರುತ ಅಲಬಾಮಾಗೂ ಹೊಡೆಯಬಹುದು ಅಂತ ಟ್ವೀಟ್ ಮಾಡಿದರು. ಆ ರಾಜ್ಯದ ಬರ್ಮಿಂಗ್‌ಹ್ಯಾಮ್‌ನ ಹವಾಮಾನ ಕಚೇರಿಗೆ ಗಾಬರಿಯ ಕರೆಗಳು ಬಂದವು. ಅಲಬಾಮಾಗೆ ಏನೂ ಆಗುವುದಿಲ್ಲ ಅಂತ ಅವರು ಸುಮಾರು ಇಪ್ಪತ್ತು ನಿಮಿಷದಲ್ಲಿ ಹೇಳಿದರು. ಏನೂ ಆಗಲೂ ಇಲ್ಲ. ಆದರೆ ಮೂರು ದಿನದ ಮೇಲೆ ಅಧ್ಯಕ್ಷರ ಕಚೇರಿಯಲ್ಲಿ ತೋರಿಸಿದ ನಕ್ಷೆಯಲ್ಲಿ ಬಿಳಿ ಶಂಕುವಿಗೆ ಕಪ್ಪು ಮಾರ್ಕರ್‌ನಲ್ಲಿ ಒಂದು ಬಾಲ ಬೆಳೆದಿತ್ತು. ಬಾಲದ ತುದಿ ಅಲಬಾಮಾದಲ್ಲಿ. ಸೆಪ್ಟೆಂಬರ್ 6ಕ್ಕೆ ನೋವಾ ಒಂದು ಹೇಳಿಕೆ ಕೊಟ್ಟಿತು. ಬರ್ಮಿಂಗ್‌ಹ್ಯಾಮ್‌ನವರು ಅಷ್ಟು ಖಚಿತವಾಗಿ ಮಾತಾಡಿದ್ದು ಸರಿಯಲ್ಲ ಅಂತ. ಈ ಸಲ ಸಹಿ 23 ಅಲ್ಲ, ಒಂದೂ ಇರಲಿಲ್ಲ. ಹೇಳಿಕೆ ಅನಾಮಧೇಯ.

ಅಮೆರಿಕದ ಕಾನೂನಿನಲ್ಲಿ ಸರ್ಕಾರದ ಹೆಸರಿನಲ್ಲಿ ಗೊತ್ತಿದ್ದೂ ನಕಲಿ ಹವಾಮಾನ ಮುನ್ಸೂಚನೆ ಹೊರಡಿಸಿದವರಿಗೆ 90 ದಿನದವರೆಗೆ ಜೈಲು ಇದೆ. ಮಾರ್ಕರ್‌ಗೆ ಏನಿದೆಯೋ ಬರೆದಿಲ್ಲ. ಆಗ ನೋವಾದ ಹಂಗಾಮಿ ಮುಖ್ಯಸ್ಥರಾಗಿದ್ದ ನೀಲ್ ಜೇಕಬ್ಸ್ ಆ ಅನಾಮಧೇಯ ಹೇಳಿಕೆಯ ವಿಷಯದಲ್ಲಿ ವಿಜ್ಞಾನದ ಪ್ರಾಮಾಣಿಕತೆಯ ನಿಯಮ ಮುರಿದಿದ್ದಾರೆ ಅಂತ 2020ರಲ್ಲಿ ತನಿಖೆ ಹೇಳಿತು. 2025ರಲ್ಲಿ ಅದೇ ಸಂಸ್ಥೆಯ ಮುಖ್ಯಸ್ಥರ ಹುದ್ದೆಗೆ ಅವರ ಹೆಸರನ್ನೇ ಸೂಚಿಸಿದರು. ಗಾಳಿ ಬಂದಾಗ ತೂರಿಕೊಳ್ಳುವುದನ್ನು ಹವಾಮಾನದವರಿಗೆ ನಾವು ಕಲಿಸಬೇಕೇ?

ಸರಿ, ನಮ್ಮ ಮುದುಕಪ್ಪನ ಕಥೆಗೆ ಬರೋಣ. ಯಾವಾಗ ಬೇಕಾದರೂ ಕೈಕೊಡುತ್ತದೆ ಅಂತ ಹೆಸರಾಗಿದ್ದ ಕ್ವಿಕ್‌ಸ್ಕ್ಯಾಟ್, ನಿರ್ದೇಶಕರು ಹೋದ ಮೇಲೂ ಎರಡು ವರ್ಷಕ್ಕಿಂತ ಜಾಸ್ತಿ ಗಾಳಿಯ ಲೆಕ್ಕ ಒಪ್ಪಿಸಿತು. 2009ರ ನವೆಂಬರ್ 23ರಂದು ಅದರ ತಿರುಗುವ ಆಂಟೆನಾ ನಿಂತಿತು. ಅದಕ್ಕೆ ಎರಡು ತಿಂಗಳ ಹಿಂದೆಯಷ್ಟೇ ನಮ್ಮ ಇಸ್ರೋ ಅದೇ ಬಗೆಯ ಉಪಕರಣ ಇಟ್ಟು ಓಷನ್‌ಸ್ಯಾಟ್-2 ಹಾರಿಸಿತ್ತು. ಆಮೇಲೆ ಮಯಾಮಿಯವರು ಅದರ ಮಾಹಿತಿಯನ್ನೂ ಬಳಸಿಕೊಂಡರು. ಸ್ವಂತದ್ದು ಅಂತ ಅಮೆರಿಕ 2014ರಲ್ಲಿ ಕಟ್ಟಿದ್ದು, ಕ್ವಿಕ್‌ಸ್ಕ್ಯಾಟ್‌ನಿಂದ ಮಿಕ್ಕಿದ್ದ ಬಿಡಿಭಾಗ ಜೋಡಿಸಿ ಬಾಹ್ಯಾಕಾಶ ನಿಲ್ದಾಣಕ್ಕೆ ತಗುಲಿಸಿದ ಒಂದು ಉಪಕರಣ. ಅದು ಎರಡು ವರ್ಷ ನಡೆಯಿತು.

ಆಂಟೆನಾ ನಿಂತರೂ ಮುದುಕಪ್ಪ ನಿಲ್ಲಲಿಲ್ಲ. ಕತ್ತು ತಿರುಗದಿದ್ದರೂ ಒಂದೇ ಕಡೆ ನೋಡುತ್ತಾ, ಬೇರೆಯವರ ಉಪಗ್ರಹಗಳ ಅಳತೆ ಸರಿಯಿದೆಯೇ ಅಂತ ತಾಳೆ ನೋಡಲು ನೆರವಾಗುತ್ತಾ ಸುತ್ತುತ್ತಲೇ ಇದ್ದ. ಕೆಳಗೆ ಪ್ರೊಯೆಂಜಾ ಕುರ್ಚಿಗೆ ಬಿಲ್ ರೀಡ್ ಬಂದು ಹೋದರು. ರಿಕ್ ನ್ಯಾಬ್ ಬಂದು ಹೋದರು. ಕೆನ್ ಗ್ರಹಾಂ ಬಂದು ಕೂತರು. 2018ರ ಅಕ್ಟೋಬರ್ 2ರಂದು ನಾಸಾದವರೇ ಕೈಯಾರೆ ಅದನ್ನು ಆಫ್ ಮಾಡಿದರು. ಹತ್ತೊಂಬತ್ತು ವರ್ಷದ ಸೇವೆ. ತೆಗೆದುಹಾಕಿ ಅಂತ ಯಾರೂ ಸಹಿ ಸಂಗ್ರಹ ಮಾಡಿರಲಿಲ್ಲ.