ರಾಜ್ಯಸಭೆಗೆ ಸಾಕು, ಬಾಡಿಗೆ ಮನೆಗೆ ಸಾಲದು

ಮಂಗಳೂರಿನ ಬಿಜೈಯಲ್ಲೋ ಕದ್ರಿಯಲ್ಲೋ ಎರಡು ಕೋಣೆಯ ಮನೆ ಬಾಡಿಗೆಗೆ ಹಿಡಿಯುವುದಕ್ಕಿಂತ ರಾಜ್ಯಸಭೆಯಲ್ಲಿ ಕರ್ನಾಟಕವನ್ನು ಪ್ರತಿನಿಧಿಸುವುದು ಸುಲಭ. ಮನೆ ಬೇಕೆಂದರೆ ಓನರು ಗೇಟು ಪೂರ್ತಿ ತೆರೆಯುವ ಮೊದಲೇ ವಿಚಾರಣೆ ಶುರು: “ನಿಮ್ಮ ಊರು ಯಾವುದು ಮಾರಾಯ್ರೇ? ಇಲ್ಲಿ ಯಾರ ಪರಿಚಯ ಉಂಟು? ಮೀನು ತಿನ್ನುವವರಾ? ತಿನ್ನಿ, ಅಡ್ಡಿಯಿಲ್ಲ. ಬಾವಿಕಟ್ಟೆಯಲ್ಲಿ ತೊಳೀಬಾರದು, ಅಷ್ಟೇ.” ಆಮೇಲೆ ಆಧಾರಿನ ಜೆರಾಕ್ಸು, ಅಡ್ವಾನ್ಸು, ಹನ್ನೊಂದು ತಿಂಗಳ ಎಗ್ರಿಮೆಂಟು.

ರಾಜ್ಯಸಭೆಯಲ್ಲಿ ಈ ರಗಳೆ ಇಲ್ಲ. 2003ರವರೆಗೆ ಸ್ವಲ್ಪ ಇತ್ತು. ಅಭ್ಯರ್ಥಿಯ ಹೆಸರು ಆಯಾ ರಾಜ್ಯದ ಮತದಾರರ ಪಟ್ಟಿಯಲ್ಲೇ ಇರಬೇಕಿತ್ತು. ಹಾಗಾಗಿ ಮನಮೋಹನ ಸಿಂಗರಂಥವರೂ ಅಸ್ಸಾಮಿನಿಂದ ಆರಿಸಿಬರಲು ಗುವಾಹಟಿಯಲ್ಲೊಂದು ಬಾಡಿಗೆ ಮನೆಯ ವಿಳಾಸ ಇಟ್ಟುಕೊಳ್ಳಬೇಕಾಯಿತು. ದೊಡ್ಡವರು ಕಾನೂನು ಪಾಲಿಸಲು ಹೀಗೆ ಒದ್ದಾಡುವುದನ್ನು ನೋಡಲಾಗದೆ ಸಂಸತ್ತು ಕಾನೂನನ್ನೇ ತಿದ್ದಿತು. ಈಗ ದೇಶದ ಯಾವ ಮೂಲೆಯ ಮತದಾರನಾದರೂ ಸೈ. 2006ರಲ್ಲಿ ಸುಪ್ರೀಂ ಕೋರ್ಟೂ ಅಸ್ತು ಎಂದಿತು.

ನಮ್ಮ ಪಾಲಿಗೆ 12 ಸೀಟು, ಅವಧಿ ಆರು ವರ್ಷ. ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಸದಸ್ಯರು ನಿವೃತ್ತರಾದರೂ ಸದನಕ್ಕೆ ವಿಸರ್ಜನೆಯ ಭಯವೇ ಇಲ್ಲ. ನೆಲ್ಲೂರಿನ ವೆಂಕಯ್ಯ ನಾಯ್ಡು ಕರ್ನಾಟಕದಿಂದ ಮೂರು ಸಲ ಹೋದರು, 2016ರಲ್ಲಿ ರಾಜಸ್ಥಾನದವರಾದರು. ಕೂತ ಸದನ ಅದೇ, ರಾಜ್ಯ ಮಾತ್ರ ಬೇರೆ. (ಉಡುಪಿಯ ಆಸ್ಕರ್ ಫರ್ನಾಂಡಿಸರಂತೆ ಇಲ್ಲಿಯವರೇ ಹೋದದ್ದೂ ಉಂಟು ಅನ್ನಿ. ಓನರು ಕೇಳಿದ್ದರೂ ಊರು ಹೇಳಬಲ್ಲವರು.)

ಅದೇ 2003ರ ತಿದ್ದುಪಡಿ ಇನ್ನೊಂದು ಉಪಕಾರ ಮಾಡಿತು: ಬಹಿರಂಗ ಮತದಾನ. ನಾವು ಪಂಚಾಯತ್ ಚುನಾವಣೆಯಲ್ಲೂ ರಟ್ಟಿನ ಮರೆಗೆ ಬಗ್ಗಿ, ಹೆಂಡತಿಗೂ ಹೇಳದೆ ಮತ ಹಾಕಿ ಬರುತ್ತೇವೆ. ರಾಜ್ಯಸಭೆಗೆ ಸದಸ್ಯರನ್ನು ಆರಿಸುವವರು ಶಾಸಕರು; ಅವರಲ್ಲಿ ಪಕ್ಷದವರು ಮಾತ್ರ ಮತಪತ್ರವನ್ನು ತಮ್ಮ ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. ಅದಕ್ಕೂ ಮೊದಲು ಅವರನ್ನು ರೆಸಾರ್ಟಿನಲ್ಲಿ ಜೋಪಾನ ಮಾಡಿ ಇಟ್ಟಿರುವುದೂ ಉಂಟು. ಇಷ್ಟಾದರೂ ಕೆಲವರ ಆತ್ಮಸಾಕ್ಷಿ ಹಿಂದಿನ ಬಾಗಿಲಿನಿಂದ ಓಡಿಹೋಗಿರುತ್ತದೆ.

ಏಜೆಂಟರಿಗೆ ತೋರಿಸದಿದ್ದರೆ ಮತ ರದ್ದು, ಬೇರೆಯವರಿಗೆ ತೋರಿಸಿದರೂ ರದ್ದು. 2017ರಲ್ಲಿ ಗುಜರಾತಿನ ಇಬ್ಬರು ಕಾಂಗ್ರೆಸ್ ಶಾಸಕರು ಎದುರು ಪಾಳಯದವರಿಗೂ ಮತಪತ್ರ ತೋರಿಸಿಬಿಟ್ಟರು. ಚುನಾವಣಾ ಆಯೋಗ ವಿಡಿಯೊ ನೋಡಿ, ಸರಿರಾತ್ರಿ ಹೊತ್ತಿಗೆ ಎರಡೂ ಮತ ಅಸಿಂಧು ಎಂದಿತು. ಕಾಂಗ್ರೆಸ್ಸಿನ ಅಭ್ಯರ್ಥಿ ಅಹ್ಮದ್ ಪಟೇಲರು ಗೆದ್ದರು. ಪಕ್ಷಕ್ಕೆ ಕೈಕೊಟ್ಟದ್ದಕ್ಕೆ ಆ ಮತಗಳು ಬಿದ್ದುಹೋದದ್ದಲ್ಲ, ಕೈಕೊಟ್ಟದ್ದನ್ನು ತೋರಿಸಬಾರದವರಿಗೆ ತೋರಿಸಿದ್ದಕ್ಕೆ.