ಎಷ್ಟು ಕೊಡ್ತದೆ ಭಾವಾ?

ಕೇರಳದಿಂದ ಕರ್ನಾಟಕಕ್ಕೆ ತಲಪಾಡಿ ಗಡಿ ದಾಟಿದೊಡನೆ ಸಿಗುವ ಪೆಟ್ರೋಲ್ ಪಂಪುಗಳ ಮುಂದೆ ನಮ್ಮ ಕಾಸರಗೋಡಿನ ಕೆಎಲ್-14 ನಂಬರಿನ ಕಾರುಗಳು ಸಾಲು ನಿಲ್ಲುವುದು ಹೊಸತೇನಲ್ಲ. ಹೊಸತೆಂದರೆ ಸಾಲಿನಲ್ಲಿ ನಿಂತ ಕಾರುಗಳ ಅಂತಸ್ತು. ಮೊದಲೆಲ್ಲ ಆಲ್ಟೊ, ಆಟೋರಿಕ್ಷಾ, ಹೆಚ್ಚೆಂದರೆ ತರಕಾರಿಯ ಪಿಕಪ್. ಈಗ 150 ಎಚ್‌ಪಿಯ ಟರ್ಬೊ ಸೆಡಾನು, ಕೆಂಪು ಬಣ್ಣದ ಬ್ರೇಕ್ ಕ್ಯಾಲಿಪರು, ಗುಡುಗುವ ಸೈಲೆನ್ಸರು. ಎಲ್ಲರೂ ಬಂದದ್ದು ಲೀಟರಿಗೆ ನಾಲ್ಕೈದು ರೂಪಾಯಿ ಉಳಿಸಲಿಕ್ಕೆ.

ಉಳಿತಾಯ ಬೇಡವೆನ್ನಲು ನಾವ್ಯಾರು? ಲೆಕ್ಕ ಮಾತ್ರ ಒಮ್ಮೆ ನೋಡೋಣ. ಐದು ರೂಪಾಯಿ ಕಮ್ಮಿಯೆಂದೇ ಹಿಡಿಯಿರಿ; 40 ಲೀಟರ್ ತುಂಬಿಸಿದರೆ ಉಳಿಯುವುದು 200. ಕಾಸರಗೋಡು ಪೇಟೆಯಿಂದ ತಲಪಾಡಿಗೆ ಹೋಗಿ ಬರಲು 65 ಕಿ.ಮೀ. ಆದರೂ ಉಂಟು. ಲೀಟರಿಗೆ 12 ಕಿ.ಮೀ. ಕೊಡುವ ಕಾರಾದರೆ ಐದೂವರೆ ಲೀಟರ್, ಅಂದರೆ 550 ರೂಪಾಯಿ ಹೊಗೆ. ಇಂಥ ಕಾರಿಗೆ ಈ ಯಾತ್ರೆ ಗಿಟ್ಟುವುದು ಮನೆ ಗಡಿಯಿಂದ 11-12 ಕಿ.ಮೀ. ಒಳಗಿದ್ದರೆ ಮಾತ್ರ. ಮಂಜೇಶ್ವರದವರಿಗೆ ಲಾಭ, ಉಪ್ಪಳದವರಿಗೆ ಅಲ್ಲಿಂದಲ್ಲಿಗೆ, ಕುಂಬಳೆಯವರಿಗೆ ನಷ್ಟ, ಕಾಸರಗೋಡಿನವರಿಗೆ ತೀರ್ಥಯಾತ್ರೆ. ಲೀಟರಿಗೆ 16 ಕೊಡುವ ಡೀಸೆಲ್ ಗಾಡಿಗೆ 50 ಲೀಟರ್ ಹಾಕಿಸುವುದಾದರೆ ಕುಂಬಳೆಯವರೂ ಬರಬಹುದು. ಮಂಗಳೂರಿಗೆ ಹೇಗೂ ಹೋಗುವವರು ದಾರಿಯಲ್ಲಿ ಹಾಕಿಸಿದರೆ ಅದು ಬುದ್ಧಿವಂತಿಕೆ, ಅದರ ಮಾತು ಇಲ್ಲಿಲ್ಲ.

ಅಷ್ಟಕ್ಕೂ ತಮಾಷೆ ಶುರುವಾಗುವುದು ಪಂಪಿನಲ್ಲಲ್ಲ, ಶೋರೂಮಿನಲ್ಲಿ. ಒಂಬತ್ತು ಸೆಕೆಂಡಿನಲ್ಲಿ ನೂರು ಮುಟ್ಟುವ ಕಾರಿನ ಬಾಗಿಲು ತೆರೆದು, ಸೀಟಿನಲ್ಲಿ ಕೂತು, ಸ್ಟೇರಿಂಗ್ ಸವರಿ, ಕೊನೆಗೆ ಕೇಳುವ ಪ್ರಶ್ನೆ ಒಂದೇ: “ಎಷ್ಟು ಕೊಡ್ತದೆ?” ಕಂಬಳದ ಕೋಣ ಕೊಳ್ಳಲು ಹೋಗಿ ಹಾಲೆಷ್ಟು ಲೀಟರ್ ಎಂದು ವಿಚಾರಿಸಿದ ಹಾಗೆ. ಸೇಲ್ಸ್ ಹುಡುಗನೂ ಬಿಡುವವನಲ್ಲ. “ಹತ್ತೊಂಬತ್ತು ಸಾರ್, ಎಆರ್‌ಎಐ ಸರ್ಟಿಫೈಡ್” ಎಂದು ಕರೆದು ಕೊಡುತ್ತಾನೆ.

ಎಆರ್‌ಎಐ ಎಂದರೆ ಕಾರು ಪರೀಕ್ಷಿಸಿ ಮೈಲೇಜಿಗೆ ಮುದ್ರೆ ಒತ್ತುವ ಸಂಸ್ಥೆ. ಅಲ್ಲಿ ಈ ಹತ್ತೊಂಬತ್ತನ್ನು ಕರೆಯುವ ಕ್ರಮ ಭಕ್ತಿಯಿಂದ ಕೇಳಬೇಕಾದದ್ದು. ಕಾರು ರಸ್ತೆಗಿಳಿಯುವುದಿಲ್ಲ, ರೋಲರಿನ ಮೇಲೆ ನಿಂತಲ್ಲೇ ಓಡುತ್ತದೆ. ಎಸಿ ಬಂದ್. ಪರೀಕ್ಷೆ 1,180 ಸೆಕೆಂಡಿನದು, 20 ನಿಮಿಷವೂ ಆಗಲಿಲ್ಲ. ಗರಿಷ್ಠ ವೇಗ 90. ಊರೊಳಗಿನ ಓಡಾಟವೆಂದು ನಟಿಸುವ ಭಾಗದಲ್ಲಿ ಸೊನ್ನೆಯಿಂದ 50ಕ್ಕೆ ಏರಲು 26 ಸೆಕೆಂಡ್ ತೆಗೆದುಕೊಳ್ಳಬೇಕು. ಇಪ್ಪತ್ತಾರು! ಅಷ್ಟು ಹೊತ್ತಿನಲ್ಲಿ ಕುಂಬಳೆ ಪೇಟೆಯಲ್ಲಿ ಹಿಂದಿನ ಬಸ್ಸಿನವನು ನಿಮ್ಮ ತಂದೆ, ಅಜ್ಜ ಎಲ್ಲರನ್ನೂ ಹಾರ್ನಿನಲ್ಲೇ ಸ್ಮರಿಸಿ ಮುಗಿಸಿರುತ್ತಾನೆ. ಅಂದರೆ ನೀವು ದುಡ್ಡು ಕೊಟ್ಟದ್ದು ಯಾವ ಗುಣಕ್ಕೋ ಅದನ್ನು ಒಮ್ಮೆಯೂ ಬಳಸದೆ ಅಳೆದ ಮೈಲೇಜು ಅದು. ಟರ್ಬೊ ಪೆಟ್ರೋಲ್ ಎಂಜಿನ್ ನಿಧಾನಕ್ಕೆ ಓಡಿಸಿದರೆ ನಿಜಕ್ಕೂ ಮಿತವ್ಯಯಿ, ಸ್ಕೋಡಾ-ಫೋಕ್ಸ್‌ವ್ಯಾಗನ್‌ನ ಕೆಲವು 1.5 ಲೀಟರ್ ಟಿಎಸ್‌ಐಗಳಂತೂ ಭಾರ ಕಮ್ಮಿಯಿದ್ದಾಗ ನಾಲ್ಕರಲ್ಲಿ ಎರಡು ಸಿಲಿಂಡರನ್ನು ಮಲಗಿಸುತ್ತವೆ. ಕಾಲು ಒತ್ತಿದರೆ ಕತೆ ಬೇರೆ. ಟರ್ಬೊ ಗಾಳಿ ತುರುಕುತ್ತದೆ, ಗಾಳಿಗೆ ತಕ್ಕ ಪೆಟ್ರೋಲ್ ಸುರಿಯುತ್ತದೆ. ಪೂರ್ತಿ ಒತ್ತಿದಾಗ ಟರ್ಬೊ ಮತ್ತು ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡದಿರಲೆಂದು, ಬರೀ ತಂಪು ಮಾಡಲಿಕ್ಕಾಗಿಯೇ ಇನ್ನಷ್ಟು ಪೆಟ್ರೋಲ್ ಹೋಗುತ್ತದೆ. ಆಗ ಲೀಟರಿಗೆ ಆರು, ಏಳು. ಮೋಸವಲ್ಲ, ಭೌತಶಾಸ್ತ್ರ. ಆರು ಪಥದ ಹೆದ್ದಾರಿಯಲ್ಲಿ ಕೇರಳ 110ರ ತನಕ ಬಿಟ್ಟಿದೆ. 80ರಿಂದ 110ಕ್ಕೆ ಏರಿದರೆ ಗಾಳಿಯ ತಡೆ ಹತ್ತಿರಹತ್ತಿರ ಇಮ್ಮಡಿ.

“ಹಾಗಾದರೆ ಡೀಸೆಲೇ ತೆಗೆಯುವ” ಎನ್ನುವ ಜಾಣರು ಕೂಡಲೇ ಕೈ ಎತ್ತುತ್ತಾರೆ. ತೆಗೆಯಿರಿ. ಒಂದು ಲೀಟರ್ ಡೀಸೆಲಿನಲ್ಲಿ ಪೆಟ್ರೋಲಿಗಿಂತ ಶೇ. 12ರಷ್ಟು ಹೆಚ್ಚು ಶಕ್ತಿ ಉಂಟು, ಸಿಲಿಂಡರಿನಲ್ಲಿ ಗಾಳಿಯನ್ನು ಅದುಮುವ ಕಂಪ್ರೆಷನ್ ಜಾಸ್ತಿ, ಗಾಳಿಯನ್ನು ಥ್ರಾಟಲಿನಲ್ಲಿ ಬಿಗಿಹಿಡಿಯುವ ನಷ್ಟ ಇಲ್ಲ, ಎಳೆತವೂ ಚಂದ. ಚೆರ್ಕಳ–ಜಾಲ್ಸೂರು ರಸ್ತೆಯ ಏರಿನಲ್ಲಿ ಅದರ ಸುಖವೇ ಬೇರೆ. ಆದರೆ ಡೀಸೆಲಿಗೆಂದು ಒಂದೂವರೆ ಲಕ್ಷ ಹೆಚ್ಚು ಕೊಟ್ಟಿರಿ ಎನ್ನೋಣ. ಪೆಟ್ರೋಲ್ 105 ರೂಪಾಯಿ, ಲೀಟರಿಗೆ 12. ಡೀಸೆಲ್ 95, ಲೀಟರಿಗೆ 16. ಕಿಲೋಮೀಟರಿಗೆ ಉಳಿಯುವುದು ಎರಡು ಮುಕ್ಕಾಲು ರೂಪಾಯಿ ಚಿಲ್ಲರೆ. ಒಂದೂವರೆ ಲಕ್ಷ ವಾಪಸು ಬರಲು 53,000 ಕಿ.ಮೀ. ಓಡಬೇಕು. ಗಲ್ಫಿನಿಂದ ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು, ಎರಡು ಮದುವೆ, ಒಂದು ಗೃಹಪ್ರವೇಶ ಮುಗಿಸಿ ಹೋಗುವವರ ಕಾರು ಅಷ್ಟು ಓಡುವ ಹೊತ್ತಿಗೆ ಮಕ್ಕಳಿಗೇ ಲೈಸೆನ್ಸ್ ಸಿಕ್ಕಿರುತ್ತದೆ.

ಓಡದಿದ್ದರೆ ಸುಮ್ಮನಾದರೂ ಇರುತ್ತದೆಯೇ, ಅದೂ ಇಲ್ಲ. ಈಗಿನ ಹೊಗೆ ನಿಯಮದ (ಬಿಎಸ್6) ಡೀಸೆಲಿನ ಹೊಗೆಕೊಳವೆಯಲ್ಲಿ ಡಿಪಿಎಫ್ ಎಂಬ ಜರಡಿ ಉಂಟು. ಮಸಿ ಅಲ್ಲಿ ಸೇರುತ್ತದೆ. ತುಂಬಿದಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಜರಡಿಯನ್ನು 600 ಡಿಗ್ರಿಯ ಆಸುಪಾಸಿಗೆ ಕಾಯಿಸಿ, ಮಸಿ ಸುಡುತ್ತದೆ. ಅದಕ್ಕೆ 15-20 ನಿಮಿಷ ನಿಲ್ಲದ ಓಟ ಬೇಕು. ನಮ್ಮಲ್ಲಿ? ಮನೆಯಿಂದ ಪೇಟೆಗೆ ಮೂರು ಕಿ.ಮೀ., ನಡುವೆ ಸರ್ವೀಸ್ ರಸ್ತೆಯ ಹೊಂಡ, ಮಲಯಾಳದಲ್ಲಿ ಮಾತ್ರ ಬರೆದ ಡೈವರ್ಷನ್ ಬೋರ್ಡು. ಸುಡಲು ಶುರುಮಾಡಿದಾಗ ನೀವು ಕೀ ತಿರುಗಿಸಿ ಮೀನು ಮಾರ್ಕೆಟಿಗೆ ಇಳಿಯುತ್ತೀರಿ. ಹೀಗೇ ನಾಲ್ಕು ಸಲ ಆದರೆ, ಸುಡದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆ ಹಿಡಿದು ಎಂಜಿನ್ ಆಯಿಲಿಗೆ ಇಳಿಯುತ್ತದೆ. ಬಾನೆಟ್ ಎತ್ತಿ ಡಿಪ್‌ಸ್ಟಿಕ್ ಎಳೆದು ನೋಡಿ: ಆಯಿಲ್ ಮೇಲಿನ ಗುರುತನ್ನೂ ದಾಟಿರುತ್ತದೆ, ಬೆರಳಿಗೆ ನೀರುನೀರು, ಮೂಗಿಗೆ ಡೀಸೆಲ್ ವಾಸನೆ. “ಆಯಿಲ್ ಕಮ್ಮಿಯಾಗುವುದೇ ಇಲ್ಲ ಮಾರಾಯ್ರೆ, ಒಳ್ಳೆ ಎಂಜಿನ್” ಎಂದು ಖುಷಿಪಡುವವರೂ ಇದ್ದಾರೆ. ಕೂಡಲೇ ಆಯಿಲ್ ಬದಲಿಸಬೇಕು, ಬೂದಿ ಕಮ್ಮಿಯ ಗ್ರೇಡೇ ಹಾಕಬೇಕು. ಡ್ಯಾಶ್‌ಬೋರ್ಡಿನಲ್ಲಿ ಡಿಪಿಎಫ್‌ನ ಕೇಸರಿ ದೀಪ ಮಿನುಗಿದ ದಿನ ಹೆದ್ದಾರಿಗೆ ಹೋಗಿ, ಮೂರನೇ ನಾಲ್ಕನೇ ಗೇರಿನಲ್ಲಿ 60ರ ಮೇಲೆ ಅರ್ಧ ಗಂಟೆ ಓಡಿಸಿ ಬರಬೇಕು. ಇಂಧನ ಉಳಿಸಲು ತಂದ ಕಾರನ್ನು ಹೀಗೆ ವಾಯುಸೇವನೆಗೆ ಕರೆದೊಯ್ಯುವ ಖರ್ಚು ಎಆರ್‌ಎಐ ಹಾಳೆಯಲ್ಲಿ ಹುಡುಕಬೇಡಿ. ಕೆಲವು ಗಾಡಿಗಳಿಗೆ ಇದರ ಮೇಲೆ ಯೂರಿಯಾ ದ್ರಾವಣದ ಟ್ಯಾಂಕಿ ಬೇರೆ. ಅದು ಖಾಲಿಯಾದರೆ ನಿಲ್ಲಿಸಿದ ಗಾಡಿ ಮತ್ತೆ ಸ್ಟಾರ್ಟ್ ಆಗುವುದಿಲ್ಲ.

ಎಂಜಿನಿನ ಕಂಪ್ಯೂಟರಿಗೆ ಹೊಸ ಲೆಕ್ಕ ತುಂಬುವ ರೀಮ್ಯಾಪಿನವರ ಬಗ್ಗೆ ಎರಡೇ ಮಾತು. “ಸ್ಟೇಜ್ ಒನ್ ಮಾಡಿಸಿ, ಪವರೂ ಹೆಚ್ಚುತ್ತದೆ, ಮೈಲೇಜೂ ಹೆಚ್ಚುತ್ತದೆ.” ಹೆಚ್ಚುವುದು ಹೆಚ್ಚಿನ ಸಲ ಡಿಸ್‌ಪ್ಲೇಯಲ್ಲಿ. ಇಂಜೆಕ್ಟರಿನ ಲೆಕ್ಕ ತಿದ್ದಿದ ಮೇಲೆ ಡ್ಯಾಶ್‌ಬೋರ್ಡ್ ಏನನ್ನು ಬೇಕಾದರೂ ತೋರಿಸೀತು. ನಿಜ ಬೇಕಿದ್ದರೆ ನಾಝಲ್ ಮೊದಲ ಸಲ ಟಕ್ ಎಂದು ಕಟ್ ಆಗುವ ತನಕ ತುಂಬಿಸಿ, ಟ್ರಿಪ್ ಸೊನ್ನೆ ಮಾಡಿ, 300 ಕಿ.ಮೀ. ಆದರೂ ಓಡಿಸಿ, ಅದೇ ಪಂಪಿನಲ್ಲಿ ಅದೇ ಟಕ್‌ಗೆ ನಿಲ್ಲಿಸಿ ಭಾಗಿಸಿ. ರೌಂಡ್ ಫಿಗರ್ ಮಾಡುವ ಚಪಲಕ್ಕೆ ಟಕ್ ಆದ ಮೇಲೂ ಹಿಂಡಿಸಬೇಡಿ. ಹೆಚ್ಚಾದ ಪೆಟ್ರೋಲ್ ಆವಿ ಹಿಡಿಯುವ ಇದ್ದಿಲ ಡಬ್ಬಿಗೆ ನುಗ್ಗಿ ಅದನ್ನು ಕೆಡಿಸುತ್ತದೆ.

ಇನ್ನು ಇ20, ಅಂದರೆ ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲಿನಲ್ಲಿ ಪೆಟ್ರೋಲಿನ ಮೂರನೇ ಎರಡು ಪಾಲು ಶಕ್ತಿ ಮಾತ್ರ. 2025ರ ಆಗಸ್ಟಿನಲ್ಲಿ ಗಲಾಟೆಯೆದ್ದಾಗ ಪೆಟ್ರೋಲಿಯಂ ಸಚಿವಾಲಯವೇ ಒಪ್ಪಿತು: ಇ20ಗೆ ಹೊಂದಿಸಿದ ಕಾರುಗಳಲ್ಲಿ ಮೈಲೇಜ್ ಶೇ. 1-2, ಉಳಿದವುಗಳಲ್ಲಿ ಶೇ. 3-6 ಇಳಿಯುತ್ತದಂತೆ. ಒಪ್ಪಿದ್ದಲ್ಲದೆ ಸಮಾಧಾನವನ್ನೂ ಹೇಳಿತು: ಇ20ಯಿಂದ ಪಿಕಪ್ ಚೆನ್ನಾಗುತ್ತದೆ, ಪ್ರಯಾಣ ಹಿತವಾಗುತ್ತದೆ! ಜಗತ್ತಿನ ಎಂಜಿನಿಯರುಗಳು ಶಾಕ್ ಅಬ್ಸಾರ್ಬರು, ಸ್ಪ್ರಿಂಗು ಎಂದು ವೃಥಾ ಬೆವರು ಹರಿಸಿದರು. ಹೊಂಡಕ್ಕೆ ಮದ್ದು ಟ್ಯಾಂಕಿಯಲ್ಲಿತ್ತು. ಆಕ್ಟೇನ್, ಅಂದರೆ ಹೊತ್ತಿಗೆ ಮೊದಲೇ ಹೊತ್ತಿಕೊಳ್ಳದ ಗುಣ, ಏರಿದ್ದು ನಿಜ. ಅದರ ಫಲ ಸಿಗುವುದು ಅದಕ್ಕೆ ತಕ್ಕ ಕಂಪ್ರೆಷನ್ನು, ಇಗ್ನಿಷನ್ ಟೈಮಿಂಗು ಇರುವ ಎಂಜಿನಿಗೆ. 2018ರ ಸೆಕೆಂಡ್ ಹ್ಯಾಂಡ್ ಟರ್ಬೊ ಕೊಂಡವನು ಶೇ. 5 ಕಳೆದುಕೊಂಡರೆ 40 ಲೀಟರಿನ ಮೇಲೆ 210 ರೂಪಾಯಿ. ಗಡಿ ದಾಟಿ ಉಳಿಸಿದ ಇನ್ನೂರು ಹೋದದ್ದು ಅಲ್ಲಿಗೇ.

ಇಷ್ಟು ಹೊತ್ತು ನಗಾಡಿದ್ದು ಸಾಕು. ಶಕ್ತಿ ಕಮ್ಮಿಯ ಸರಕನ್ನು ಬೆಲೆ ಇಳಿಸದೆ ಮಾರುತ್ತಾರೆ. ಬೇಡವೆನ್ನುವವನಿಗೆ ಅದೇ ದರದಲ್ಲಿ ಬೇರೆ ನಾಝಲ್ ಇಲ್ಲ. ಎಥೆನಾಲ್ ಇಲ್ಲದ್ದು ಬೇಕಿದ್ದರೆ ಲೀಟರಿಗೆ ನೂರೈವತ್ತು ದಾಟಿದ 100 ಆಕ್ಟೇನ್ ಉಂಟು, ಅದೂ ಸಿಕ್ಕಿದ ಊರಿನಲ್ಲಿ. ಕೇಂದ್ರದ ಸುಂಕ, ರಾಜ್ಯದ ತೆರಿಗೆ, ಅದರ ಮೇಲೆ 2023ರ ಏಪ್ರಿಲ್‌ನಿಂದ ಕೇರಳದ ಎರಡು ರೂಪಾಯಿ ಸೆಸ್. ಒಂದು ರೂಪಾಯಿ ಕಮ್ಮಿ ಮಾಡಿ ಎಂದರೆ ಇವರು ಅವರತ್ತ, ಅವರು ಇವರತ್ತ ಬೆರಳು ತೋರಿಸುತ್ತಾರೆ. ಆಟೋದವನೂ ಇದನ್ನೇ ಹಾಕಿಸಬೇಕು, ಅವನಿಗೆ ಒಂಬತ್ತು ಸೆಕೆಂಡಿನ ಶೋಕಿಯೂ ಇಲ್ಲ.

ಇರಲಿ. ಊರಿನ ವಾಟ್ಸಾಪ್ ಗುಂಪುಗಳಲ್ಲಿ ಬರುವ ಜಾಹೀರಾತುಗಳು ಹೀಗಿರುತ್ತವೆ: “2018 ಮಾಡೆಲ್, ಟರ್ಬೊ ಪೆಟ್ರೋಲ್, ಡಾಕ್ಟರ್ ಓಡಿಸಿದ್ದು, ಸ್ಟೇಜ್ ಒನ್ ಆಗಿದೆ, ಹೈವೇಯಲ್ಲಿ 19 ಗ್ಯಾರಂಟಿ.” ಕೆಳಗೆ ಮೊದಲ ಪ್ರಶ್ನೆ: “ಅಣ್ಣಾ, ಇದಕ್ಕೆ ಗ್ಯಾಸ್ ಕಿಟ್ ಕೂರಿಸಬಹುದಾ?”