ಕದ್ದ ಮಾಲಂತೆ!

ಗಿರಾಕಿಗೆ ದುಡ್ಡು ವಾಪಸ್ ಕೊಟ್ಬಿಟ್ಟೆ ಕಣ್ರೀ. 2,800 ರೂಪಾಯಿ, ನನ್ನ ಕೈಯಾರೆ ಫೋನ್‌ಪೇ ಮಾಡಿ ಕಳಿಸಿದೆ. ರಾತ್ರಿ ಹನ್ನೊಂದಾಯ್ತು, ಒಂದು ತುತ್ತೂ ಗಂಟಲಲ್ಲಿ ಇಳೀತಿಲ್ಲ.

ಗುರುವಾರ ಅವನು ಸೆಕೆಂಡ್ ಹ್ಯಾಂಡ್ ವಿಡಿಯೋ ಗೇಮ್ ಡಿಸ್ಕ್ ತಗೊಂಡೋಗುವಾಗ ಅಂಗಡಿ ಪಿಎಸ್5ಗೆ, ಅಂದ್ರೆ ಟಿವಿಗೆ ಹಾಕಿ ಆಡೋ ಪ್ಲೇಸ್ಟೇಷನ್ 5 ಮಿಷನ್‌ಗೆ ಹಾಕಿ, ಆಟ ಶುರುವಾಗೋದನ್ನ ತೋರಿಸೇ ಕೊಟ್ಟಿದ್ದೆ. ಇವತ್ತು ಸಂಜೆ ಬಂದು ಕೌಂಟರ್ ಮೇಲೆ ಬಿಸಾಕಿದ. "ಓಡ್ತಿಲ್ಲ." ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡ್ತೀನಿ, ಅಂಚಿಂದ ನಡುವಿನ ತೂತಿನವರೆಗೂ ಗೀರು. ಉಗುರಾಡಿಸಿದ್ರೆ ತಡೀತಿದೆ. ಗುರುವಾರ ಕನ್ನಡಿ ಥರ ಇತ್ತು ಆ ಡಿಸ್ಕು! ಇದು ಹಳೇ ಸಿಡಿ ಅಲ್ಲ, ಪಾಲಿಶ್ ಹೊಡೆದು ಎಬ್ಬಿಸೋಕೆ. ಇದು ಬ್ಲೂ-ರೇ ಅನ್ನೋ ಥರದ ಡಿಸ್ಕು, ಇದರಲ್ಲಿ ಡೇಟಾ ಇರೋ ಪದರ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಕೆಳಗೆ. ಅಷ್ಟು ಆಳಕ್ಕೆ ಗೀರು ಬಿತ್ತು ಅಂದ್ರೆ ಸತ್ತಂಗೇ.

"ಸರ್, ಮೊಬೈಲಲ್ಲಿ ನಿಮ್ಮ ಟ್ರೋಫಿ ಲಿಸ್ಟ್ ಒಂಚೂರು ತೋರಿಸಿ" ಅಂದೆ. ಅಷ್ಟೇ ಅಂದಿದ್ದು. ಆಟದಲ್ಲಿ ಒಂದೊಂದು ಗುರಿ ಮುಟ್ಟಿದಾಗ ಟ್ರೋಫಿ ಸಿಗುತ್ತೆ, ಯಾವುದು ಯಾವತ್ತು ಸಿಕ್ತು ಅಂತ ತಾರೀಖು ಸಮೇತ ಇರುತ್ತಲ್ಲ. ಆಟ ಇನ್‌ಸ್ಟಾಲ್ ಆಗಿದ್ರೂ ಡಿಸ್ಕ್ ಒಳಗಿಲ್ದೆ ತೆರೆಯೋದಿಲ್ಲ. ಶನಿವಾರ ಭಾನುವಾರ ಕೂತು ಕಥೆ ಮುಗಿಸಿದ್ರೆ, ಅಲ್ಲೀವರೆಗೂ ಡಿಸ್ಕ್ ಓಡ್ತಿತ್ತು ಅಂತ ಅಲ್ಲೇ ಗೊತ್ತಾಗ್ತಿತ್ತು.

"ಕದ್ದ ಮಾಲು ಮಾರೋನು ನೀನು, ನನ್ ಮೊಬೈಲ್ ಕೇಳ್ತೀಯಾ?"

ನಾನು ಸರ್ ಅಂತಿದ್ದೀನಿ, ಅವನು ನೀನು ಅಂತಿದ್ದಾನೆ. ಅದೂ ಪಕ್ಕದ ಬೇಕರಿವರೆಗೂ ಕೇಳೋ ಹಾಗೆ. ಆಗ್ಲೇ ಒಬ್ಬ ಹುಡುಗ ಅವರಮ್ಮನ ಜೊತೆ ಬಂದು ನಿಂತಿದ್ದ. ಪಿಎಸ್4 ಡಿಸ್ಕ್ ಎರಡು, ನನಗೆ ಮಾರೋಕೆ ಅಂತ ಬಟ್ಟೆ ಚೀಲದಲ್ಲಿ ಸುತ್ತಿ ತಂದಿದ್ದ. ಒಂದು ಬೆರಳಚ್ಚೂ ಇಲ್ಲ, ಅಷ್ಟು ಜೋಪಾನ ಮಾಡಿದ್ದ ಮಗು. ಕದ್ದ ಮಾಲು ಅನ್ನೋದು ಕಿವಿಗೆ ಬೀಳ್ತಿದ್ದ ಹಾಗೇ ಆಯಮ್ಮ ನನ್ನನ್ನ ಒಂದ್ಸಲ ನೋಡಿದ್ರು. ಕೌಂಟರ್ ಮೇಲಿದ್ದ ಡಿಸ್ಕ್ ಎರಡೂ ಚೀಲಕ್ಕೆ ಹಾಕ್ಕೊಂಡು ಹುಡುಗನ ರಟ್ಟೆ ಹಿಡಿದು "ನಡಿ" ಅಂದ್ರು. ಆ ನೋಟ! ಮಾಲು ಕೊಟ್ಟವರ ಹೆಸರು, ನಂಬರು, ಸಹಿ ಎಲ್ಲ ಇರೋ ಪುಸ್ತಕ ನನ್ನ ಮೊಣಕೈ ಕೆಳಗೇ ಇತ್ತು. ಬಿಚ್ಚಿ ತೋರಿಸೋಕೆ ಕೈ ಬರಲಿಲ್ಲ.

ಗಲಾಟೆ ನಿಂತ್ರೆ ಸಾಕು ಅಂತ ದುಡ್ಡು ಕೊಟ್ಟೆ. ಯಾಕೆ ಕೊಟ್ಟೆ? ಕೊಡಬಾರದಿತ್ತು.

ಹೊಸದಾದ್ರೆ ಅದೇ ಆಟ 4,999. ನಾನು 2,200ಕ್ಕೆ ತಗೊಂಡು 2,800ಕ್ಕೆ ಕೊಟ್ಟಿದ್ದು. ಆ ಆರುನೂರರಲ್ಲಿ ಮಾಗಡಿ ರೋಡಿನ ಬಾಡಿಗೆ, ಕರೆಂಟು, ಎಲ್ಲ. ಮೊದಲೇ ಡಿಸ್ಕ್ ಯುಗ ಮುಗೀತಾ ಬಂತು. 2024ರಲ್ಲಿ ಬಂದ ಪಿಎಸ್5 ಪ್ರೋಗೆ ಡಿಸ್ಕ್ ಡ್ರೈವೇ ಇಲ್ಲ, ಬೇಕಂದ್ರೆ ಬೇರೆ ಕೊಂಡು ಹಾಕ್ಕೋಬೇಕು. ಡೌನ್‌ಲೋಡ್ ಮಾಡ್ಕೊಂಡ ಆಟನ ಯಾರು ತಂದು ಮಾರ್ತಾರೆ? ಹೋಗ್ಲಿ ಬಿಡಿ, ಈ ತಿಂಗಳಿಗೆ ಶಟರ್ ಎಳೆದುಬಿಡ್ತೀನಿ.

ಇಲ್ಲ, ಯಾಕೆ ಎಳೀಬೇಕು? ಹನ್ನೊಂದು ವರ್ಷ ಆಯ್ತು ಅಂಗಡಿ ಇಟ್ಟು. 4,999 ಕೊಡೋಕಾಗದ ಎಷ್ಟು ಮಕ್ಕಳು ನನ್ನ ಹತ್ರ ತಗೊಂಡು ಆಡಿದ್ದಾರೆ! ಸೆಕೆಂಡ್ ಹ್ಯಾಂಡ್ ಬೈಕ್ ಮಾರೋನನ್ನ ಯಾರೂ ಕಳ್ಳ ಅನ್ನಲ್ಲ, ನನ್ನನ್ನ ಯಾಕನ್ನಬೇಕು? ಯಾರಾದ್ರೂ ಉತ್ತರ ಹೇಳ್ರೀ.

ಆ ಹುಡುಗನ ಡಿಸ್ಕ್‌ಗೆ 1,300 ಅಂತ ಚೀಟಿ ಬರೆದಿದ್ದೆ, ಹೇಳೋ ಅಷ್ಟರಲ್ಲಿ ಹೊರಟೇಹೋದ್ರು. ಪುಟ್ಟಾ, ಇದನ್ನ ಓದಿದ್ರೆ ಅಮ್ಮನ್ನ ಕರ್ಕೊಂಡು ಬಾರೋ. ಅವರಿಗೆ ಆ ಪುಸ್ತಕ ತೋರಿಸ್ಬೇಕು.